ಎಡಗಡೆ ನಲ್ಲಿಗೆ ಕಟ್ಟಿದ ಕೆಂಪು ಉಣ್ಣೆ

1931ರ ಜನವರಿ 12, ಸೋಮವಾರ, ಬೆಳಿಗ್ಗೆ 7.10. ಮಿಷಿಗನ್ನಿನ ನ್ಯೂ ಡ್ರೆಂಟ್ ಠಾಣೆಗೆ ಹೆರಿಗೆ ನರ್ಸ್ ಹೀಸ್ಯ ಹೂಕ್‌ಸ್ಟ್ರಾ ಹಿಮ ತುಳಿದುಕೊಂಡು ನಡೆದೇ ಬಂದಳು. ಭಾನುವಾರ ಮಧ್ಯಾಹ್ನ ಊರೆಲ್ಲ ಚರ್ಚಿನಲ್ಲಿದ್ದಾಗ ಅವಳ ಕಾರು ಕಳುವಾಗಿತ್ತು.

"ಯಾವ ಕಾರು ನರ್ಸಮ್ಮ?" ಇನ್‌ಸ್ಪೆಕ್ಟರ್ ಹಾರ್ಮ್ ಬೌಮಾ ಕೇಳಿದ.

"ವೈಕಿಂಗ್. ಎಂಟು ಸಿಲಿಂಡರ್‌ದು."

"ಎರಡೇ ವರ್ಷಕ್ಕೆ ಕಂಪನಿ ಕೈಬಿಡ್ತಲ್ಲ, ಅದಾ? ಏನಾದ್ರೂ ಗುರುತು?"

"ರಾತ್ರಿ ಇಂಜಿನ್ ನೀರು ಹೊರಗೆ ಬಿಡೋಕೆ ಎರಡೂ ಕಡೆ ನಲ್ಲಿ ಇದೆ. ಎಡಗಡೇದು ಮರೆತ್ರೆ ಚಳಿಗೆ ನೀರು ಗಟ್ಟಿಯಾಗಿ ಇಂಜಿನ್ನೇ ಸೀಳತ್ತೆ. ಅದಕ್ಕೇ ಆ ನಲ್ಲಿಗೆ ಕೆಂಪು ಉಣ್ಣೆ ಕಟ್ಟಿದೀನಿ. ಬೇಗ ಹುಡುಕಿ ಸಾರ್. ಪೋಸ್ಟ್‌ಮಾ ಹೆಂಡ್ತಿಗೆ ಇವತ್ತೋ ನಾಳೆಯೋ ಹೆರಿಗೆ. ಮಗು ಅಡ್ಡ ತಿರುಗಿದೆ. ಅವರ ಮನೆ ಹತ್ತು ಮೈಲಿ."

ದೂರು ದಾಖಲಾಯಿತು.

ಬುಧವಾರ ಊರಾಚೆಯ ಜಲ್ಲಿ ಗುಂಡಿಯಲ್ಲಿ ಕಾರು ಸಿಕ್ಕಿತು. ಇಂಜಿನ್ ಒಂದಿಲ್ಲ, ಉಳಿದದ್ದೆಲ್ಲ ಇದೆ ಎಂದು ಕಾನ್‌ಸ್ಟೆಬಲ್ ಟ್ಯೂನಿಸ್ ಮಹಜರಿನಲ್ಲಿ ಬರೆದ. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಮಂಗಳವಾರ ನರ್ಸ್ ಕುದುರೆಯ ಜಾರುಬಂಡಿಯಲ್ಲಿ ಪೋಸ್ಟ್‌ಮಾ ಮನೆ ಮುಟ್ಟಿದಾಗ ಮಗು ಸತ್ತಿತ್ತು.

"ಹೊಸ ಟೈರೂ ಮುಟ್ಟಿಲ್ಲ ಸಾರ್. ಎಂಥ ಕಳ್ಳ ಇವನು?" ಟ್ಯೂನಿಸ್ ಕೇಳಿದ.

"ಅಂಗಡೀಲಿ ಸಿಗದ ಇಂಜಿನ್ ಬೇಕಾದೋನು. ಇದೇ ಕಾರು ಇನ್ಯಾರ ಹತ್ರ ಇದೆ, ನೋಡು."

ನೋಂದಣಿ ಪುಸ್ತಕದಲ್ಲಿದ್ದದ್ದು ಇನ್ನೊಂದೇ ಹೆಸರು. ರೂಲಫ್ ಡೈಕ್‌ಹೌಸ್, ಹಿಟ್ಟಿನ ಗಿರಣಿಯ ಮಾಲೀಕ, ಚರ್ಚಿನ ಹಿರಿಯ. ಗಿರಣಿಯಲ್ಲಿ ಭಾರ ಎತ್ತುವ ಸರಪಳಿ ರಾಟೆಯಿತ್ತು. ಭಾನುವಾರ ನೆಗಡಿಯೆಂದು ಚರ್ಚಿನಲ್ಲಿ ಅವನ ಕುರ್ಚಿ ಖಾಲಿಯಿತ್ತು.

ಗುರುವಾರ 11 ಗಂಟೆಗೆ ಮಗುವಿನ ಮಣ್ಣು. ಪುಟ್ಟ ಪೆಟ್ಟಿಗೆ ಬಂದದ್ದು ಡೈಕ್‌ಹೌಸನ ಕಾರಿನಲ್ಲಿ. ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿದವನೂ ಅವನೇ. ಬೌಮಾ ಪೋಸ್ಟ್‌ಮಾ ದಂಪತಿ ಹೋಗುವವರೆಗೆ ಹಲ್ಲು ಕಚ್ಚಿ ನಿಂತ.

"ಬಾನೆಟ್ ತೆಗೀರಿ, ಹಿರಿಯರೇ."

"ಸ್ಮಶಾನದಲ್ಲಾ? ಸತ್ತ ಕೂಸಿಗಾದ್ರೂ ಮರ್ಯಾದೆ ಕೊಡಪ್ಪ."

"ನೀವು ಕೊಟ್ಟಿದ್ದೇ ಸಾಕು. ತೆಗೀರಿ."

ಇಂಜಿನ್ನಿನ ಸಂಖ್ಯೆಯನ್ನು ಅರದಿಂದ ಉಜ್ಜಿ ಅಳಿಸಲಾಗಿತ್ತು. ಎಡಗಡೆ ನಲ್ಲಿಯಲ್ಲಿ ಕೆಂಪು ಉಣ್ಣೆ ಹಾಗೇ ಇತ್ತು.

"ಇದನ್ಯಾಕೆ ಬಿಚ್ಚಲಿಲ್ಲ?"

ಡೈಕ್‌ಹೌಸ್ ಮುಖ ತಿರುಗಿಸಿದ. "ನೆನಪಿಗೆ ಒಳ್ಳೇದು ಅನ್ನಿಸ್ತು. ನಂದು ಒಡೆದದ್ದೇ ಆ ನಲ್ಲಿ ಮರೆತು."

12.20ಕ್ಕೆ ಬಂಧನ. ಹೇಳಿಕೆಯಲ್ಲಿ ಕಾರಣ ಎರಡೇ ಸಾಲು: ಕಂಪನಿ ಕೈಬಿಟ್ಟ ಕಾರು ಕೊಂಡ ದಡ್ಡನೆಂದು ಊರು ಆಗಲೇ ಆಡಿಕೊಳ್ಳುತ್ತಿತ್ತು, ಇನ್ನು ಚರ್ಚಿಗೆ ನಡೆದು ಹೋದರೆ ಎದುರಿಗೇ ನಗುತ್ತಿದ್ದರು. ಅಷ್ಟಕ್ಕೆ ಒಂದು ಜೀವ.

ಸಹಿ ಹಾಕಿ ಡೈಕ್‌ಹೌಸ್ ತಲೆಯೆತ್ತಿದ. "ಸಂಜೆ ಇಂಜಿನ್ ನೀರು ಯಾರು ಬಿಡ್ತಾರೆ? ಇದೂ ಒಡೆದುಹೋದೀತು."

ಮಗುವಿನ ಮಾತು ಅವನ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. "ಇದನ್ನೂ ಬರ್ಕೋ ಟ್ಯೂನಿಸ್," ಎಂದು ಬೌಮಾ ಎದ್ದು ಕೈ ತೊಳೆಯಲು ಹೋದ.