ಹಳೇ ಜೈಲಿನ ಮಲ್ಲಿಗೆ ಬಳ್ಳಿ

ಬೆಳಿಗ್ಗೆ ಎದ್ದು ನೋಡಿದರೆ ಬಳ್ಳಿಯೇ ಇಲ್ಲ! ಅದಿದ್ದ ಕಡೆ ಒಂದು ಗುಂಡಿ. ಹೂವಿನ ವಾಸನೆ ಮಾತ್ರ ಇನ್ನೂ ಅಂಗಳದಲ್ಲಿ ತೇಲುತ್ತಿತ್ತು.

ಹಡಗಲಿಯ ಹಳೇ ಜೈಲು ಹುತಾತ್ಮರ ಉದ್ಯಾನವಾಗುತ್ತಿದ್ದ ಎಪ್ಪತ್ತೆರಡನೇ ಇಸವಿ ಅದು. ಕಾವಲಿಗಿದ್ದ ನಿವೃತ್ತ ದಫೇದಾರ ಸುಂಕಪ್ಪನಿಗೆ ಜಾವದಲ್ಲಿ ತುಸು ಕಣ್ಣು ಹತ್ತಿತ್ತು. ಈಗಲೂ ಕನಸೇ ಇರಬೇಕೆಂಬ ಗುಮಾನಿ. ಬಳ್ಳಿಯಿಲ್ಲ, ವಾಸನೆಯಿದೆ— ಹೇಗೆ?

“ಇನ್ಯಾರ್ರಿ, ಹೂ ಮಾರೋ ಭರಮಮ್ಮ!” ಓವರ್ಸಿಯರ್ ಚೌಡಣ್ಣ ಸಿಡುಕಿದ. “ಬಳ್ಳಿ ಕೊಡ್ರಿ ಅಂತ ಮೂರು ಸಲ ಕೇಳ್ಯಾಳ. ಮಧ್ಯಾಹ್ನದೊಳಗ ಸಿಗಲಿಲ್ಲಂದ್ರ ಸ್ಟೇಷನ್ನಿಗೆ ಬರೆದು ಕೊಡ್ತೀನಿ.”

ಭರಮಮ್ಮ ಗುಂಡಿಯ ಅಂಚಿನಲ್ಲಿ ಕುಸಿದು ಕೂತಿದ್ದಳು. ನಲವತ್ತೆರಡರ ಚಳವಳಿಯಲ್ಲಿ ಅವಳಪ್ಪ ಇಲ್ಲಿ ಕೈದಿಯಾಗಿದ್ದಾಗ ನೆಟ್ಟ ಬಳ್ಳಿ. ಅಪ್ಪ ಒಳಗೇ ತೀರಿಕೊಂಡ. ಹೂತದ್ದೆಲ್ಲೋ ಯಾರಿಗೂ ಗೊತ್ತಿಲ್ಲ. ಅವಳಿಗೆ ಅಪ್ಪನೆಂದು ಉಳಿದದ್ದು ಅದೊಂದೇ.

“ನೀ ಒಯ್ದಿಯೇನವ್ವಾ?”

“ಒಯ್ದಿದ್ರ ಹಿಂಗ ಅಳ್ತಿದ್ನೇನ್ರಿ ದಫೇದಾರ್ರ?”

ಅತ್ತ ಗೌಂಡಿ ಯರ್ರೆಪ್ಪ ಹೊಸ ಸಿಮೆಂಟು ಕಟ್ಟೆಗೆ ಹೊದಿಸಿದ ಗೋಣಿಚೀಲಗಳ ಮೇಲೆ ನೀರು ಸುರಿಯುತ್ತಿದ್ದ. ತಲೆ ಎತ್ತಲಿಲ್ಲ.

ಸುಂಕಪ್ಪ ಗುಂಡಿಗಿಳಿದ. ನಾಲ್ಕೂ ಮೂಲೆ ಬೆರಳಿನಿಂದ ಸವರಿದ. ಎದ್ದು, ಗಾಳಿ ಮೂಸುತ್ತ, ನಿದ್ದೆಯಲ್ಲಿ ನಡೆಯುವವರ ಹಾಗೆ ನಡೆದು ಕಟ್ಟೆಯ ಹತ್ತಿರ ನಿಂತ.

“ಸಿಮೆಂಟಿಗೆ ಮಲ್ಲಿಗಿ ವಾಸನಿ ಯಾವಾಗಿಂದ ಬಂತೋ ಯರ್ರೆಪ್ಪ?”

ಕೊಡ ಜಾರಿ ಬಿತ್ತು. ಸುಂಕಪ್ಪ ಒದ್ದೆ ಗೋಣಿ ಎತ್ತಿದ. ಬೇರಿನ ಮಣ್ಣಿನ ಸಮೇತ ಬಳ್ಳಿ ಹಸಿರಾಗಿ ಮಲಗಿತ್ತು!

“ಗುಂಡಿ ಯಾರೂ ಸರಿಯಾಗಿ ನೋಡ್ಲಿಲ್ಲ,” ಎಂದ ಸುಂಕಪ್ಪ. “ಹೂವಿನ ತ್ವಾಟದವರು ಬೇರಿನ ಸುತ್ತ ಗುಂಡಗ ಅಗೀತಾರ. ಇದು ಚೌಕ ಐತಿ. ಪಾಯ ತೆಗೆದು ರೂಢಿಯಾದ ಕೈ. ಕದ್ದವ ಯರ್ರೆಪ್ಪ! ಆದ್ರ— ಯಾಕೋ?”

“ದಾರ ಹಿಡಿದು ಅಳತಿ ಹಾಕಿದೆ ನೋಡ್ರಿ, ಉದ್ಯಾನಕ್ಕ ಕಟ್ಟೋ ನೀರಿನ ಕಾರಂಜಿ ಈ ಬಳ್ಳಿ ಮ್ಯಾಲೇ ಬರ್ತೈತಿ. ಸಾಹೇಬ್ರ ನಕ್ಷಾ, ನಾ ಹೇಳಿದ್ರ ಯಾರು ಕೇಳ್ತಾರ? ತಿಂಗಳಾತು, ಅದರ ಮಗ್ಗಲ ಕುಂತು ಬುತ್ತಿ ಉಂಡೀನಿ. ನಾಳಿ ಅದರ ಮ್ಯಾಲೆ ಕಾಂಕ್ರೀಟ್ ಸುರುವಾಕ ಕೈ ಬರಲಿಲ್ರಿ. ಸಂಜಿಕ ಇಕಿ ಮನಿಗೆ ಮುಟ್ಟಿಸೋನಿದ್ದೆ.”

ಚೌಡಣ್ಣ ನಕ್ಷೆ ಬಿಡಿಸಿದ, ಹೆಜ್ಜೆ ಹಾಕಿ ಅಳೆದ. ಮುಖ ಸಣ್ಣದಾಯಿತು. “ಕಾರಂಜಿ ನಾಕು ಮಾರು ಆಚೆ ಸರಸೋಣು,” ಎಂದ.

ಯರ್ರೆಪ್ಪ ಬಳ್ಳಿಯನ್ನು ಹೆಗಲ ಮೇಲೆ ಹೊತ್ತು ತಂದು ಗುಂಡಿಯಲ್ಲಿಳಿಸಿದ. ಭರಮಮ್ಮ ಅವನ ಸಿಮೆಂಟು ಮೆತ್ತಿದ ಕೈ ಹಿಡಿದಳು.

“ಅಪ್ಪ ಸತ್ತಾಗ ಹೆಗಲು ಕೊಡಾಕ ಯಾರನ್ನೂ ಒಳಗ ಬಿಟ್ಟಿದ್ದಿಲ್ಲ ತಮ್ಮಾ. ಇವತ್ತು ನೀ ಹೊತ್ತಿ.”