ಐದು ಕಾಲಿನ ಗೂಳಿ

“ಐದನೇ ಕಾಲು ಅಳಿಸು,” ಅಂದರು ಡ್ರಾಯಿಂಗ್ ಮೇಷ್ಟ್ರು.

“ಅಳಿಸಲ್ಲ ಸರ್,” ಅಂದಳು ಮೊಂಡಿ.

ಮ್ಯೂಸಿಯಂನ ದೊಡ್ಡ ಹಾಲ್‌ನಲ್ಲಿ ನೆಲದ ಮೇಲೆ ಕೂತಿದ್ದ ಮಕ್ಕಳೆಲ್ಲ ಪೆನ್ಸಿಲ್ ನಿಲ್ಲಿಸಿ ಇತ್ತ ತಿರುಗಿದರು. ಮೊಂಡಿ ಅನ್ನುವುದು ಅಜ್ಜಿ ಇಟ್ಟ ಹೆಸರು. ಹೇಗೋ ಶಾಲೆಗೂ ಬಂದುಬಿಟ್ಟಿತ್ತು. ಅಂಥ ಹೆಸರು ಸುಮ್ಮಸುಮ್ಮನೆ ಬರುತ್ತದೆಯೇ?

ಅವರ ಮುಂದೆ ಒಂದು ಕಲ್ಲಿನ ಗೂಳಿ ನಿಂತಿತ್ತು. ಸಾವಿರಾರು ವರ್ಷಗಳ ಹಿಂದೆ ಯಾರೋ ರಾಜ ಅರಮನೆಯ ಬಾಗಿಲು ಕಾಯಲಿ ಅಂತ ಮಾಡಿಸಿದ್ದು. ಮೈ ಗೂಳಿಯದು, ರೆಕ್ಕೆ ಹದ್ದಿನದು, ಮುಖ ಮಾತ್ರ ಗಡ್ಡ ಬಿಟ್ಟ ಮನುಷ್ಯನದು. ತಲೆ ಎತ್ತಿ ನೋಡಿದರೆ ಕತ್ತು ನೋಯುವಷ್ಟು ಎತ್ತರ. ಅದರ ಒಂದು ಮಗ್ಗುಲು ಗೋಡೆಗೆ ಅಂಟಿಕೊಂಡಿತ್ತು.

ಉಳಿದವರೆಲ್ಲ ಓಡಿಹೋಗಿ ಗೂಳಿಯ ನೇರ ಎದುರಿಗೆ ಜಾಗ ಹಿಡಿದಿದ್ದರು. ಶೂ ಲೇಸ್ ಕಟ್ಟಿಕೊಳ್ಳುತ್ತಾ ಹಿಂದೆ ಬಿದ್ದ ಮೊಂಡಿಗೆ ಸಿಕ್ಕಿದ್ದು ಪಕ್ಕದ ಮೂಲೆ.

“ನೋಡಮ್ಮ,” ಮೇಷ್ಟ್ರು ತಾಳ್ಮೆ ತಂದುಕೊಂಡರು. “ಎದುರಿಗೆ ಎರಡು ಕಾಲು ಕಾಣುತ್ತೆ. ಹಿಂದಿನ ಎರಡು ಮರೆಯಲ್ಲಿದೆ. ಎರಡೂ ಎರಡೂ ಎಷ್ಟು?”

“ನಾಲ್ಕು ಸರ್. ಆದ್ರೆ ಇದಕ್ಕೆ ಐದಿದೆ.”

“ಇಪ್ಪತ್ತು ವರ್ಷದಿಂದ ಮಕ್ಕಳನ್ನ ಇಲ್ಲಿಗೆ ಕರ್ಕೊಂಡು ಬರ್ತಿದ್ದೀನಿ. ನೀನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತೀಯಲ್ಲ.”

“ಮೊಲ ಅಲ್ಲ ಸರ್, ಗೂಳಿ. ಮೂರಲ್ಲ, ಐದು.”

ಹಾಲ್ ತುಂಬ ನಗು. ತರಗತಿಯ ಬೆಂಚಿನಲ್ಲಿ ಅವಳ ಪಕ್ಕ ಕೂರುವ ಗುಂಡನಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. ಮೊಂಡಿಗೆ ಸಿಟ್ಟು ನೆತ್ತಿಗೇರಿತು. ಅವಳೇನು ತಮಾಷೆಗೆ ಹೇಳಿದ್ದಳೇ?

ಮೇಷ್ಟ್ರು ಹುಬ್ಬು ಗಂಟಿಕ್ಕಿದರು. “ಚಿತ್ರ ಚೆನ್ನಾಗಿ ಬಂದಿದೆ, ಇಲ್ಲ ಅನ್ನಲ್ಲ. ಆ ಕಾಲು ಅಳಿಸಿದ್ರೆ ಕಾರಿಡಾರ್ ಗೋಡೆಗೆ ಹೋಗುತ್ತೆ. ಇಲ್ಲಾಂದ್ರೆ ಇಲ್ಲ. ನಿನ್ನಿಷ್ಟ.”

ಶಾಲೆಯ ಕಾರಿಡಾರ್ ಗೋಡೆ! ಮೂರು ವರ್ಷದಿಂದ ಅವಳ ಒಂದೇ ಒಂದು ಚಿತ್ರವೂ ಅಲ್ಲಿಗೆ ಹೋಗಿರಲಿಲ್ಲ. ಇವತ್ತು ರೆಕ್ಕೆಯ ಗರಿಗಳನ್ನೂ ಒಂದೊಂದಾಗಿ ಎಣಿಸಿ ಬರೆದಿದ್ದಳು. ರಬ್ಬರಿನಿಂದ ನಾಲ್ಕು ಸಲ ಉಜ್ಜಿದರೆ ಕೆಲಸ ಮುಗಿಯಿತು. ಆಸೆಯಾಯಿತು, ಬಹಳ ಆಸೆಯಾಯಿತು. ರಬ್ಬರನ್ನು ಕೈಗೂ ತೆಗೆದುಕೊಂಡಳು. ಮತ್ತೆ ಗೂಳಿಯ ಕಡೆ ನೋಡಿದಳು. ಐದನೇ ಕಾಲು ಅಲ್ಲೇ ಇತ್ತು. ಕಲ್ಲಿನ ಕಾಲು, ಇನ್ನೆಲ್ಲಿಗೆ ಹೋದೀತು?

“ಅಲ್ಲಿ ಇರೋದನ್ನ ನಾನ್ಯಾಕೆ ಸರ್ ಅಳಿಸಲಿ? ಗೋಡೆಗೆ ಹಾಕದಿದ್ರೆ ಬೇಡ ಬಿಡಿ. ನೀವೇ ಇಲ್ಲಿ ಕೂತು ಎಣಿಸಿ.”

“ನಾನು ನೆಲದ ಮೇಲೆ ಕೂರೋದಾ? ಈ ಮಂಡಿನೋವು ಇಟ್ಕೊಂಡು?”

ಗೂಳಿಯ ಬಾಲದ ಹತ್ತಿರ ಯಾರೋ ಕೆಮ್ಮಿದರು. ಹಾಲ್ ಗುಡಿಸಿ ಒರೆಸುವ ಅಕ್ಕ ಬಟ್ಟೆ ಹಿಡಿದು ನಿಂತಿದ್ದರು. “ಸರ್, ದಿನಾ ಇದರ ಕಾಲಿನ ಧೂಳು ಒರೆಸೋಳು ನಾನು. ಐದೇ ಇರೋದು. ಸ್ಟೂಲ್ ತರ್ತೀನಿ, ಕೂತ್ಕೊಂಡು ನೋಡಿ.”

ಸ್ಟೂಲ್ ಬಂತು. ಮೇಷ್ಟ್ರು ಮೂಲೆಯಲ್ಲಿ ಕೂತು ಎಣಿಸಿದರು. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದರು. ಎದ್ದು ಎದುರಿಗೆ ಹೋದರು, ಪಕ್ಕಕ್ಕೆ ಬಂದರು.

“ಎದುರಿಂದ ಎರಡು ಕಾಲು, ಗೂಳಿ ನಿಂತಿದೆ,” ಅಂದರು ಮೆಲ್ಲಗೆ. “ಪಕ್ಕದಿಂದ ನಾಲ್ಕು, ಗೂಳಿ ನಡೀತಿದೆ. ಎರಡೂ ಕಡೆಯಿಂದ ಸರಿಯಾಗಿ ಕಾಣಲಿ ಅಂತ ಶಿಲ್ಪಿ ಒಂದು ಕಾಲು ಜಾಸ್ತಿ ಕೊಟ್ಟಿದ್ದಾನೆ. ಮೂಲೆಯಲ್ಲಿ ಕೂತೋರಿಗೆ ಎದುರೂ ಪಕ್ಕವೂ ಕಾಣುತ್ತೆ, ಅದಕ್ಕೇ ಐದೂ ಒಟ್ಟಿಗೆ ಕಾಣುತ್ತೆ. ಇಪ್ಪತ್ತು ವರ್ಷ ನಾನು ಎದುರಿಗೇ ನಿಂತು ಪಾಠ ಮಾಡಿದ್ದೀನಿ ನೋಡು. ನಿನ್ನದೇ ಸರಿ.”

ಮೊಂಡಿಯನ್ನು ಇನ್ನು ಹಿಡಿಯುವವರು ಯಾರು? ನೇರ ಗುಂಡನ ಹತ್ತಿರ ಹೋದಳು. “ನಕ್ಕೆಯಲ್ಲ, ಈಗ ನಗೋ. ಎರಡೇ ಕಾಲು ಬರ್ದಿದ್ದೀಯ. ಇದು ಗೂಳಿನಾ, ಕೋಳಿನಾ?”

ಗುಂಡ ತಲೆ ತಗ್ಗಿಸಿ, ಅಚ್ಚುಕಟ್ಟಾಗಿ ಬರೆದಿದ್ದ ಎರಡು ಕಾಲುಗಳ ಪಕ್ಕ ಮೂರನೆಯದನ್ನು ಸೇರಿಸತೊಡಗಿದ. ಕಾಣದ ಕಾಲನ್ನು ಹೇಗೆ ಬರೆದಾನು? ಗೆರೆ ಸೊಟ್ಟಗೆ ಹೋಯಿತು. ಅವನ ಕಣ್ಣಲ್ಲಿ ನೀರು ತುಂಬಿತ್ತು.

ಮೊಂಡಿ ಅವನ ಪಕ್ಕದಲ್ಲೇ ಕೂತು ತಲೆ ಎತ್ತಿದಳು. ಗೂಳಿಗೆ ಎರಡೇ ಕಾಲು. ಕತ್ತು ಆಚೀಚೆ ಹೊರಳಿಸಿ ನೋಡಿದರೂ ಎರಡೇ. ಇಲ್ಲಿ ಕೂತಿದ್ದರೆ ಅವಳೂ ಎರಡೇ ಬರೆಯುತ್ತಿದ್ದಳು. ಯಾರಾದರೂ ಐದು ಅಂದಿದ್ದರೆ ಅವಳೂ ಹೀಗೇ ನಗುತ್ತಿದ್ದಳು. ಅವಳಿಗೆ ನಾಚಿಕೆಯಾಯಿತು.

“ಸೇರಿಸಬೇಡ ಬಿಡೋ,” ಅಂದಳು. “ಸರಿಯಾಗೇ ಇದೆ.”

“ನೀನೇ ಕೋಳಿ ಅಂದ್ಯಲ್ಲ?”

“ಇಲ್ಲಿಂದ ನೋಡದೆ ಅಂದೆ.”

ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಮೇಷ್ಟ್ರು ಕೈ ಚಾಚಿದರು. “ಕೊಡಮ್ಮ ನಿನ್ನ ಚಿತ್ರ. ಗೋಡೆಯ ಮಧ್ಯಕ್ಕೇ ಹಾಕೋಣ.”

ಮೊಂಡಿ ಹಾಳೆಯನ್ನು ಎದೆಗೆ ಒತ್ತಿ ಹಿಡಿದಳು. “ಗುಂಡಂದೂ ಹಾಕಿ ಸರ್. ಇಲ್ಲಾಂದ್ರೆ ನಂದೂ ಬೇಡ.”

“ಮತ್ತೆ ಹಟಾನಾ? ಒಂದೇ ಗೂಳಿಗೆ ಒಂದು ಚಿತ್ರದಲ್ಲಿ ಎರಡು ಕಾಲು, ಇನ್ನೊಂದರಲ್ಲಿ ಐದು ಯಾಕೆ ಅಂತ ಜನ ಕೇಳ್ತಾರೆ.”

“ಕೇಳಲಿ ಸರ್, ನಾನು ಹೇಳ್ತೀನಿ,” ಅಂದಳು ಮೊಂಡಿ. “ನಾನು ಮೂಲೆಯಲ್ಲಿ ಕೂತಿದ್ದೆ, ಅವನು ಎದುರಿಗೆ ಕೂತಿದ್ದ.”