ನೋಡದೆ ಬಿಟ್ಟ ಬೆನ್ನು

"ನಿಮ್ಮ ರೋಗಿ ಸತ್ತು ಆಗ್ಲೇ ಹೊತ್ತಾಯ್ತು, ಡಾಕ್ಟ್ರೇ. ಇನ್ನೂ ಯಾರ ಕಾಲಿಗೆ ಪಟ್ಟಿ ಸುತ್ತುತಾ ಇದ್ದೀರಿ?"

ಆ ದನಿ!

ಅವಳ ಕೈಯಿಂದ ಬ್ಯಾಂಡೇಜಿನ ಸುರುಳಿ ಜಾರಿ ನೆಲದುದ್ದಕ್ಕೂ ಬಿಚ್ಚಿಕೊಳ್ಳುತ್ತ ಹೋಯಿತು. ಗಾಜಿನ ಗೋಡೆಯಾಚೆ ಕುಳಿತು ತನ್ನನ್ನು ಪರೀಕ್ಷಿಸುತ್ತಿರುವವರು ಯಾರೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಈ ಕೋಣೆಯ ಹೊಸ್ತಿಲನ್ನೇ ತುಳಿಯುತ್ತಿರಲಿಲ್ಲವೇನೋ...

ಒಂದು ಕಾಲಕ್ಕೆ ಇದೇ ದನಿ ಫೋನಿನಲ್ಲಿ 'ಊಟ ಆಯ್ತಾ?' ಎಂದರೆ ಸಾಕಿತ್ತು, ಅವಳಿಗೆ ಹಸಿವೇ ಮರೆತುಹೋಗುತ್ತಿತ್ತು. ಅವಳೊಂದಿಗೆ ಮದುವೆ ನಿಶ್ಚಯವಾಗಿದ್ದವನ ದನಿ ಅದು. ಮುರಿದವಳು ಅವಳೇ.

ಕಿರಿಯ ಶಸ್ತ್ರವೈದ್ಯರಿಗೆ ಅಪಘಾತದ ಗಾಯಾಳುಗಳನ್ನು ಉಳಿಸುವುದನ್ನು ಕಲಿಸುವ ಕೋಣೆ. ಮಂಚದ ಮೇಲೆ ಮಲಗಿದ್ದದ್ದು ರಬ್ಬರಿನ ಬೊಂಬೆ. ದಿನವಿಡೀ ಮಲಗಿದ್ದುಕೊಂಡೇ ಎಲ್ಲರಿಂದಲೂ ಸೇವೆ ಮಾಡಿಸಿಕೊಳ್ಳುತ್ತದೆಂದು ಕಲಿಯುವವರು ಅದಕ್ಕೆ 'ಮಾವ' ಎಂದು ಹೆಸರಿಟ್ಟಿದ್ದರು.

"ಮೇಡಂ, ಮಾವ ಹೋಗ್ಬಿಟ್ರು," ಎಂದು ಗುಂಗುರುಗೂದಲಿನ ಸಹಾಯಕ ವೈದ್ಯ ಪಿಸುಗುಟ್ಟಿದ. "ಆಸ್ತಿ ಯಾರಿಗೆ ಬರ್ದಿದ್ದಾರೋ!"

ಯಾರೂ ನಗಲಿಲ್ಲ. ಇದು ಕೊನೆಯ ಪರೀಕ್ಷೆ. ತೇರ್ಗಡೆಯಾದರೆ ಬರುವ ವಾರದಿಂದ ಅಪಘಾತ ವಿಭಾಗದ ತಂಡಕ್ಕೆ ಅವಳೇ ಮುಖ್ಯಸ್ಥೆ. ಅಲ್ಲಿ ಜೀವವಿರುವ ಮೈ ಮಲಗಿರುತ್ತದೆ. ಅವಳ ಮಾತಿನ ಮೇಲೆ ಯಾರದೂ ಮಾತಿರುವುದಿಲ್ಲ.

ಅವನು ಒಳಗೆ ಬಂದ. ಕಿವಿಯ ಬದಿಗೆ ನರೆ ಇಣುಕಿತ್ತು. ಎರಡೂ ಕೈ ಕೋಟಿನ ಜೇಬಿನೊಳಗೆ.

"ಹೊರಳಿಸಿ."

ನಾಲ್ವರು ಸೇರಿ ಬೊಂಬೆಯನ್ನು ಮಗ್ಗುಲಿಗೆ ತಿರುಗಿಸಿದರು. ಬೆನ್ನಿನಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡ ಗಾಯ! ಅದರಡಿಯ ಹಾಸಿಗೆ ಕೆಂಪು ನೀರಿನಲ್ಲಿ ತೊಯ್ದು ತೊಪ್ಪೆಯಾಗಿತ್ತು.

"ಮುರಿದ ಕಾಲು ದಾರೀಲಿ ಹೋಗೋರಿಗೂ ಕಾಣುತ್ತೆ. ಅದು ಸಿಕ್ಕಿದ ಕೂಡ್ಲೆ ನೀವು ಹುಡುಕೋದನ್ನೇ ನಿಲ್ಲಿಸಿದ್ರಿ. ತಲೆ ಹತ್ರ ನಿಂತವರು ಹೇಳದೆ ರೋಗೀನ ಯಾರೂ ಹೊರಳಿಸೋ ಹಾಗಿಲ್ಲ. ಅಲ್ಲಿ ನಿಲ್ಲಬೇಕಾಗಿದ್ದವರು..."

ಅವನು ತಟ್ಟನೆ ಮಾತು ನುಂಗಿಕೊಂಡ.

"ಎಲ್ಲರೂ ಟೀ ಕುಡಿದು ಬನ್ನಿ. ಫಲಿತಾಂಶ ಆಮೇಲೆ."

ಬಾಗಿಲು ಮುಚ್ಚಿತು. ಬೆನ್ನು ತೋರಿಸಿಕೊಂಡು ಮಲಗಿದ ಬೊಂಬೆಯ ಆಚೆ ಅವನು, ಈಚೆ ಅವಳು.

"ಅವತ್ತೂ ಹೀಗೇ ಅಲ್ವಾ... ಸರ್?"

'ಸರ್' ಎಂದದ್ದು ಇಬ್ಬರ ನಡುವೆ ಇನ್ನೊಂದು ಮಂಚವನ್ನು ಎಳೆದು ಹಾಕಿದಂತಾಯಿತು.

ಎರಡು ವರ್ಷದ ಹಿಂದಿನ ಮಾತು. ಗಾರೆ ಕೆಲಸದ ಹೆಣ್ಣುಮಗಳೊಬ್ಬಳು ಮೇಲಿನ ಹಲಗೆಯಿಂದ ಬಿದ್ದು ಆಸ್ಪತ್ರೆಗೆ ಬಂದಿದ್ದಳು. ಮೊಣಕಾಲ ಕೆಳಗೆ ಮೂಳೆ ಹೊರಗೆ ಬಂದಿತ್ತು. ರೋಗಿಯ ತಲೆಯ ಬಳಿ ನಿಂತಿದ್ದವಳು ಇವಳು. ಪಾದದ ಬಳಿ ತಂಡದ ಮುಖ್ಯಸ್ಥನಾಗಿ ಅವನು. ಬೆನ್ನಿಗೆ ಕಬ್ಬಿಣದ ಸರಳು ಚುಚ್ಚಿ ತೂತಾಗಿತ್ತೆಂದು ತಿಳಿದದ್ದು ಎಲ್ಲ ಮುಗಿದ ಮೇಲೆ, ಶವವನ್ನು ಎತ್ತುವಾಗ.

ಸಾವಿನ ಬಳಿಕ ಇಡೀ ತಂಡ ಕುಳಿತು ತಪ್ಪನ್ನು ಹುಡುಕುವ ಸಭೆ ನಡೆಯುತ್ತದೆ. ಅಲ್ಲಿ ಅವನು ಎದ್ದು ನಿಂತು, "ಬೆನ್ನುಮೂಳೆ ಮುರಿದಿರಬಹುದು, ಹೊರಳಿಸೋದು ಬೇಡ ಅಂದವನು ನಾನೇ," ಎಂದಿದ್ದ.

ಆ ಮಾತು ಕಿವಿಗೆ ಬಿದ್ದ ಆ ಹೆಣ್ಣಿನ ತಾಯಿ ಹೊರಗೆ ಇವಳ ಎರಡೂ ಕೈ ಹಿಡಿದುಕೊಂಡು, "ನೀನಾದ್ರೂ ಒದ್ದಾಡ್ದೆ ಕಣವ್ವಾ... ಬೇಡ ಅಂದೋನ ಕೈ ಸೇದಿಹೋಗ್ಲಿ!" ಎಂದು ಗೋಳಾಡಿದ್ದಳು.

ಮದುವೆ ಮುರಿಯಿತು. 'ಒಂದ್ಸಲ ಮಾತಾಡಿ ನೋಡೇ' ಎಂದು ಗೋಗರೆದ ಅತ್ತಿಗೆಗೆ ಇವಳು, "ಆ ಕೈನ ಹೇಗೆ ಹಿಡೀಲಿ ಅತ್ತಿಗೆ?" ಎಂದಿದ್ದಳು. ಆ ಮಾತು ಅವನಿಗೂ ತಲುಪಿತ್ತು. ಅಂದಿನಿಂದ ಅವನು ಚಾಕು ಮುಟ್ಟಲಿಲ್ಲ. ಬೊಂಬೆಗಳ ನಡುವೆ ಬಂದು ಕುಳಿತ.

"ಬೇಡ ಅಂತ ನೀವು ಹೇಳಿದ್ದು... ನನ್ನ ಕಿವಿಗೆ ಬಿದ್ದಿತ್ತಾ?"

ಅವನು ಬೊಂಬೆಯ ಬೆನ್ನಿನ ಗಾಯವನ್ನೇ ನೋಡಿದ.

"ಹೇಳಿ!"

"ಹೇಳಿದ್ರೆ ತಾನೆ ಬೀಳೋಕೆ," ಎಂದ ಅವನು, ತೀರ ಮೆಲ್ಲಗೆ.

ಕೇಳಿಸಿರಲೇ ಇಲ್ಲ... ಅದು ತನಗೆ ಗೊತ್ತಿತ್ತು! ಆ ಗದ್ದಲದಲ್ಲಿ ಕೇಳಿಸಿರಬೇಕೆಂದು ತಾನೇ ತನ್ನನ್ನು ನಂಬಿಸಿಕೊಂಡಿದ್ದಳು. ಹಾಗೆ ನಂಬಿದರೆ ನಿದ್ದೆ ಬರುತ್ತಿತ್ತು.

"ಯಾಕೆ? ಯಾಕೆ ಹಾಗೆ ಮಾಡಿದ್ರಿ?"

"ಮುಖ್ಯಸ್ಥ ನಾನು. ಬೆನ್ನು ನೋಡಿದ್ರಾ ಅಂತ ನಾನು ಕೇಳ್ಬೇಕಿತ್ತು, ಕೇಳ್ಲಿಲ್ಲ. ಅಷ್ಟು ಪಾಲು ನಂದೇ. ಉಳಿದದ್ದು... ನೀನು ಆಗಿನ್ನೂ ಹೊಸಬಳು. ಆ ಭಾರ ಬಿದ್ರೆ ಕುಸಿದುಹೋಗ್ತೀಯ ಅನ್ನಿಸ್ತು. ಪ್ರೀತಿ ಅಂದ್ಕೊಂಡೆ."

"ಪ್ರೀತಿ!" ಅವಳು ಬಹುವಚನವನ್ನು ಕಿತ್ತೆಸೆದಳು. "ನನ್ನ ತಪ್ಪನ್ನ ನನ್ನಿಂದಾನೇ ಬಚ್ಚಿಟ್ಟೆಯಲ್ಲೋ! ಇವತ್ತು ಮತ್ತೆ ಅದನ್ನೇ ಮಾಡ್ದೆ. ಮಲಗಿದ್ದು ಬೊಂಬೆ, ಬಚಾವಾದೆ. ಈ ಎರಡು ವರ್ಷದಲ್ಲಿ ಇನ್ನೆಷ್ಟು ಜನರ ಬೆನ್ನು ನೋಡದೆ ಬಿಟ್ಟಿದೀನೋ... ಯಾರಿಗೆ ಗೊತ್ತು?"

"ಗಾಜಿನ ಹಿಂದೆ ಕೂತಿದ್ದಾಗ ನನಗೂ ಅದೇ ಹೊಳೀತು," ಎಂದ ಅವನು. "ಅವತ್ತು ಅವಳನ್ನ ಕೊಂದಿದ್ದು ನಮ್ಮ ಮರೆವು. ಇನ್ನೊಬ್ಬರು ಸತ್ತಿದ್ರೆ, ಕೊಂದಿದ್ದು ನನ್ನ ಪ್ರೀತಿ."

ಹೊರಗೆ ಹೆಜ್ಜೆಗಳ ಸದ್ದು. ಟೀ ಮುಗಿಸಿ ಎಲ್ಲರೂ ಮರಳುತ್ತಿದ್ದರು.

"ಈಗ ಏನ್ಮಾಡ್ತೀಯ?" ಎಂದಳು. "ಪಾಸ್ ಮಾಡ್ತೀಯಾ?"

"ಬೇಕಾದ್ರೆ ಇನ್ನೊಂದ್ಸಲ..."

"ಬೇಡ! ನನ್ನ ಮೇಲೆ ಒಂದು ಚೂರಾದ್ರೂ ಗೌರವ ಇದ್ರೆ, ಎಲ್ಲರ ಮುಂದೆ ಹೇಳು. ನನ್ನ ಮುಖ ನೋಡ್ಕೊಂಡು ಹೇಳು."

ಬಾಗಿಲು ತೆರೆಯಿತು. ಅವನು ಜೇಬಿನಿಂದ ಕೈ ಹೊರಗೆ ತೆಗೆದು ಮಂಚದ ಕಂಬಿ ಹಿಡಿದುಕೊಂಡ.

"ಇವರು ಅನುತ್ತೀರ್ಣ," ಎಂದ. "ತಲೆಯ ಬಳಿ ನಿಂತು ಅಪ್ಪಣೆ ಕೊಡಬೇಕಾದವರು ಜಾಗ ಬಿಟ್ಟು ಕಾಲಿನ ಗಾಯಕ್ಕೆ ಓಡಿದ್ರು. ಬೆನ್ನು ನೋಡ್ಲಿಲ್ಲ. ಇದು ಬೊಂಬೆ ಆಗಿರದಿದ್ರೆ, ಇಷ್ಟು ಹೊತ್ತಿಗೆ ಹೊರಗಡೆ ಒಂದು ಮನೆಯವರೆಲ್ಲ ಅಳ್ತಾ ಕೂತಿರ್ತಿದ್ರು."

ಒಂದೊಂದು ಮಾತೂ ಅವಳ ಮೈಗೆ ಹೊಲಿಗೆ ಹಾಕಿದಂತೆ ಚುಚ್ಚಿತು. ಆದರೂ ಅವಳು ಕಣ್ಣು ತಗ್ಗಿಸಲಿಲ್ಲ. ಗುಂಗುರುಗೂದಲಿನವನೇ ತಲೆ ತಗ್ಗಿಸಿದ.

"ಇದು ಮೊದಲ ಸಲ ಅಲ್ಲ," ಎಂದು ಅವಳು ಅವರತ್ತ ತಿರುಗಿದಳು. "ಎರಡು ವರ್ಷದ ಹಿಂದೆ ಒಬ್ಬಳು ಹೀಗೇ ಸತ್ಳು. ಹೊರಳಿಸಿ ಅಂತ ಹೇಳಬೇಕಾಗಿದ್ದವಳು ನಾನು. ಹೇಳ್ಲಿಲ್ಲ. ನೀವು ಮರೀಬೇಡಿ."

ಒಬ್ಬೊಬ್ಬರಾಗಿ ಹೊರಟುಹೋದರು. ಮತ್ತೆ ಇಬ್ಬರೇ ಉಳಿದರು. ತಪ್ಪು ತನ್ನ ಯಜಮಾನಿಯ ಬಳಿಗೆ ಮರಳಿತ್ತು. ಹೋದ ಎರಡು ವರ್ಷಗಳಿಗೆ ಮಾತ್ರ ಮರಳುವ ದಾರಿ ಗೊತ್ತಿರಲಿಲ್ಲ.

"ನಾಳೆ ಆ ತಾಯಿ ಮನೆಗೆ ಹೋಗ್ತೀನಿ," ಎಂದಳು ಅವಳು, ಕೈಗವಸು ಕಳಚುತ್ತ.

"ಬೈತಾರೆ."

"ಬೈಲಿ. ನಿನಗೆ ಬಿದ್ದ ಶಾಪವೆಲ್ಲ ನಂದೇ ಅಲ್ವಾ?"

ಅವನ ಕಣ್ಣು ತುಂಬಿ ಬಂತು. ಅದನ್ನು ಕಂಡೂ ಅವಳು ಹತ್ತಿರ ಸರಿಯಲಿಲ್ಲ.

"ಮದುವೆ ಮಾತು ಈಗ ಎತ್ತಬೇಡ."

"ಎತ್ತಲ್ಲ."

"ಪ್ರೀತಿ ಇಲ್ಲ ಅಂತ ಅಲ್ಲ..."

"ಗೊತ್ತು ಕಣೇ," ಎಂದ. "ನಾಳೆ ನಾನೂ ಬರ್ಲಾ?"

ಅವಳು ನೆಲದಲ್ಲಿ ಬಿಚ್ಚಿಕೊಂಡಿದ್ದ ಬ್ಯಾಂಡೇಜನ್ನು ಸುತ್ತಿ ಎತ್ತಿಟ್ಟಳು.

"ಬಂದ್ರೆ ನನ್ನ ಪರವಾಗಿ ಒಂದು ಮಾತೂ ಆಡಬಾರ್ದು."

"ಆಡಲ್ಲ."

"ನಾನು ಅತ್ರೂ ಆಡಬಾರ್ದು."

"...ಆಡಲ್ಲ."

"ಹಾಗಾದ್ರೆ ಬಾ."